ಗೌರಮ್ಮನ ಕೈಲಿದ್ದ ಲೋಟ

ಹಳ್ಳಿಮೈಸೂರಿನ ಆ ಮನೆಯಲ್ಲಿ ಆ ದಿನ ಏನಾಯಿತು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಇಷ್ಟು ವರ್ಷ ಇದ್ದೆ. ತರಬೇತಿಗೆ ಬರುತ್ತಿದ್ದ ಹುಡುಗ ಹುಡುಗಿಯರಿಗೆ ಆ ಸಂಗತಿಯನ್ನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದಕ್ಕೊಂದು ಆಕಾರ ಬಂದುಬಿಟ್ಟಿತ್ತು. ಎಲ್ಲಿ ಮಾತು ನಿಲ್ಲಿಸಿದರೆ ಅವರು ಮುಂದಕ್ಕೆ ಬಾಗುತ್ತಾರೆ, ಎಲ್ಲಿ ನಗುತ್ತಾರೆ ಎಂಬುದೂ ನನಗೆ ಬಾಯಿಪಾಠವಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಿಜವಾಗಿ ನಡೆದ ಸಂಗತಿಗಳು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಅನುಮಾನ ಹುಟ್ಟಿಸಿದವರು ಸಿಸ್ಟರ್ ಲಲಿತಾ. ಹದಿನೈದಕ್ಕೂ ಹೆಚ್ಚು ವರ್ಷ ನಾವಿಬ್ಬರೂ ಒಂದೇ ವ್ಯಾನಿನಲ್ಲಿ ಓಡಾಡಿದವರು. ಅವರು ನರ್ಸ್, ನಾನು ಸಮಾಜ ಕಾರ್ಯಕರ್ತ. ಅವರು ನಿವೃತ್ತರಾದ ದಿನ ಹಾಸನದಲ್ಲಿ ಸಣ್ಣದೊಂದು ಸಮಾರಂಭ ಇತ್ತು. ನಾನು ಅದಕ್ಕೂ ಮೊದಲೇ ನಿವೃತ್ತನಾಗಿದ್ದೆ. ನಾಲ್ಕು ಮಾತಾಡಿ ಎಂದರು, ಹಳ್ಳಿಮೈಸೂರಿನ ಕಥೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ಲಲಿತಾ ನನ್ನ ಪಕ್ಕಕ್ಕೆ ಬಂದರು.

"ಚೆನ್ನಾಗಿ ಹೇಳಿದ್ರಿ ಸಾರ್. ಆದ್ರೆ ಅವತ್ತು ನೀವು ಬಾಯೇ ಬಿಡ್ಲಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಕಥೆಯ ಕೊನೆಯಲ್ಲಿ ಬರುವ ಕಾಫಿಯ ವಿಷಯವೂ ಹಾಗಲ್ಲ, ಆ ಲೋಟವನ್ನು ಹಿತ್ತಲಿಗೆ ಚೆಲ್ಲಿದ್ದು ತಾವೇ ಎಂದು ಸೇರಿಸಿದರು. ಅಷ್ಟರಲ್ಲಿ ಯಾರೋ ಫೋಟೋಗೆ ಕರೆದರು, ಹೋದರು.

ಆ ಕಥೆಯನ್ನು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂಬ ಆಸೆ ಇದೆ. ಆದರೆ ನಾನು ಹೇಳುವುದನ್ನೆಲ್ಲ ನಂಬಬೇಡಿ ಎಂದೂ ಮೊದಲೇ ಹೇಳಿಬಿಡುತ್ತೇನೆ.

ಮೈಸೂರಿನಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಪದವಿ ಮುಗಿಸಿ ಬಂದಾಗ ನನ್ನ ತಲೆಯಲ್ಲಿ ಪುಸ್ತಕಗಳೇ ಇದ್ದವು. ಯಾವ ಮಾತನ್ನೂ ಆಧಾರವಿಲ್ಲದೆ ಒಪ್ಪಬಾರದು ಎಂದು ನಮ್ಮ ಪ್ರಾಧ್ಯಾಪಕರು ಕಲಿಸಿದ್ದರು, ಮೊದಲು ಅವರ ಮಾತಿನ ಮೇಲೇ ಅದನ್ನು ಪ್ರಯೋಗಿಸಿದವನು ನಾನು. ಕೆಲಸ ಸಿಕ್ಕಿದ್ದು ಹಾಸನದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ. ಮನಸ್ಸಿನ ಕಾಯಿಲೆಯವರಿಗಾಗಿ ತಿಂಗಳಿಗೊಮ್ಮೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಿಬಿರ ಮಾಡುತ್ತಿದ್ದೆವು. ತೊಂಬತ್ತರ ದಶಕದ ಆರಂಭ. ಒಂದು ಮೆಟಡಾರ್ ವ್ಯಾನು, ಒಬ್ಬ ಡಾಕ್ಟರು, ಲಲಿತಾ, ನಾನು, ಔಷಧಿಯ ಎರಡು ಟ್ರಂಕು. ಶಿಬಿರ ಮುಗಿದ ಮೇಲೆ ಯಾರು ಬರಲಿಲ್ಲವೋ ಅವರ ಮನೆ ಹುಡುಕಿಕೊಂಡು ಹೋಗುವುದು ನನ್ನ ಕೆಲಸ.

ಆ ಕೆಲಸದ ಮೊದಲ ಪಾಠ ವ್ಯಾನನ್ನು ಎಲ್ಲಿ ನಿಲ್ಲಿಸಬೇಕು ಎಂಬುದಾಗಿತ್ತು. ರೋಗಿಯ ಮನೆಯ ಮುಂದೆ ಖಂಡಿತ ನಿಲ್ಲಿಸಬಾರದು. ಬೀದಿಗೆಲ್ಲ ಗೊತ್ತಾದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಬರುವುದಿಲ್ಲ. ಹಾಲಿನ ಡೈರಿಯ ಹತ್ತಿರವೋ ಅಕ್ಕಿ ಗಿರಣಿಯ ಹತ್ತಿರವೋ ನಿಲ್ಲಿಸಿ ನಡೆದು ಹೋಗುತ್ತಿದ್ದೆವು. ಮನೆಯವರು ನಮ್ಮನ್ನು ಅಕ್ಕಪಕ್ಕದವರಿಗೆ ಏನಾದರೊಂದು ಹೆಸರಲ್ಲಿ ಪರಿಚಯಿಸುತ್ತಿದ್ದರು. ಚನ್ನರಾಯಪಟ್ಟಣದ ಹತ್ತಿರ ಒಂದು ಮನೆಯಲ್ಲಿ ನನ್ನನ್ನು ಕಾಯಿ ವ್ಯಾಪಾರಿ ಎಂದರು. ಪಕ್ಕದ ಮನೆಯವನು ಸಂತೋಷದಿಂದ ಬಂದು ನನ್ನನ್ನು ತನ್ನ ತೋಟಕ್ಕೆ ಕರೆದುಕೊಂಡು ಹೋದ. ನಾನು ಒಂದೊಂದು ಮರದ ಕೆಳಗೂ ನಿಂತು ತಲೆಯೆತ್ತಿ ನೋಡಿ ಗಂಭೀರವಾಗಿ ತಲೆಯಾಡಿಸಿದೆ. ಮುಂದಿನ ತಿಂಗಳು ಅದೇ ಬೀದಿಗೆ ಹೋಗುವಾಗ ಅವನ ಕಣ್ಣಿಗೆ ಬೀಳದಂತೆ ಸುತ್ತು ಹಾಕಿ ಹೋಗಬೇಕಾಯಿತು.

ನಮ್ಮ ಕಾರ್ಯದರ್ಶಿಯೊಬ್ಬರಿಗೆ ಇದೆಲ್ಲ ಹೇಡಿತನವಾಗಿ ಕಂಡಿತು. ನಾಚಿಕೆ ಯಾಕೆ, ಕಾಯಿಲೆ ಕಾಯಿಲೆಯೇ ಎಂದು ವ್ಯಾನಿನ ಎರಡೂ ಕಡೆ ದೊಡ್ಡ ಅಕ್ಷರದಲ್ಲಿ 'ಮಾನಸಿಕ ರೋಗಿಗಳ ಸೇವೆಯಲ್ಲಿ' ಎಂದು ಬರೆಸಿದರು. ತಾತ್ವಿಕವಾಗಿ ಅವರು ಹೇಳಿದ್ದು ಸರಿ. ಮುಂದಿನ ಅರಕಲಗೂಡು ಶಿಬಿರಕ್ಕೆ ಅರ್ಧಕ್ಕರ್ಧ ಜನ ಬರಲಿಲ್ಲ. ನಮ್ಮ ಡ್ರೈವರು ಯಾರನ್ನೂ ಕೇಳದೆ ಒಂದು ಹಳೆಯ ಟಾರ್ಪಾಲು ತಂದು ಇಳಿಬಿಟ್ಟ. ಆ ಟಾರ್ಪಾಲು ವ್ಯಾನು ಗುಜರಿಗೆ ಹೋಗುವವರೆಗೂ ಇತ್ತು.

ಡಾಕ್ಟರ ವಿಷಯಕ್ಕೆ ಬರುತ್ತೇನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಾತು ಕಡಿಮೆ, ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ, 'ಎಂ.ಎಸ್.ಡಬ್ಲ್ಯು.' ಎಂದೇ ಕರೆಯುತ್ತಿದ್ದರು. ಅವರೊಂದಿಗೆ ನನ್ನ ದೊಡ್ಡ ಜಗಳ ಹನಿ ಔಷಧಿಯದು. ನೀರಿನಂತೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನನಗೇನೂ ಆಗಿಲ್ಲ, ಮಾತ್ರೆ ನುಂಗುವುದಿಲ್ಲ ಎಂದು ಹಟ ಹಿಡಿದ ರೋಗಿಗಳ ಮನೆಯವರಿಗೆ ಆ ಸೀಸೆ ಕೊಡುತ್ತಿದ್ದರು. ಕೊಡುವಾಗ ದನಿ ತಗ್ಗಿಸಿ, ಊಟದಲ್ಲಿ ಹಾಕಿ, ಹೇಳಬೇಡಿ, ಎನ್ನುತ್ತಿದ್ದರು. ಇಂಥ ಪದ್ಧತಿಯೊಂದಿದೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ರೋಗಿಯ ಒಪ್ಪಿಗೆಯೇ ಮೊದಲು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವನು ನಾನು. ಒಮ್ಮೆ ಹೊಳೆನರಸೀಪುರದಿಂದ ವಾಪಸ್ ಬರುವಾಗ ವ್ಯಾನಿನಲ್ಲೇ ಕೇಳಿದೆ, ಇದು ಮೋಸವಲ್ಲವೇ ಎಂದು.

ಅವರು ಕಿಟಕಿಯ ಕಡೆಗೆ ನೋಡುತ್ತಲೇ ಹೇಳಿದರು: "ಬೆಳಿಗ್ಗೆ ನೋಡಿದ್ಯಲ್ಲ, ಕಾಲಿಗೆ ಸರಪಳಿ ಹಾಕ್ಕೊಂಡು ಬಂದೋನ್ನ. ನೀನು ಅವನಿಗೆ ಸತ್ಯ ಹೇಳು, ನಾನು ಅವನ ಸರಪಳಿ ಬಿಚ್ಚಿಸ್ತೀನಿ. ಮೂರು ತಿಂಗಳಾದ ಮೇಲೆ ಅವನನ್ನೇ ಕೇಳೋಣ, ಯಾರು ಬೇಕು ಅಂತ."

ಅದು ಮೋಸವೇ ಅಲ್ಲವೇ ಎಂಬುದು ನನಗೆ ಈಗಲೂ ಪೂರ್ತಿ ಬಗೆಹರಿದಿಲ್ಲ. ಸರಪಳಿ ಬಿಚ್ಚಿದ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಷಡಕ್ಷರಿಯ ವಿಷಯ. ಹಳ್ಳಿಮೈಸೂರಿನ ಸುತ್ತಮುತ್ತ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುತ್ತಿದ್ದ ಲಿಂಗಾಯತರವನು, ಮೂವತ್ತೈದರ ಆಸುಪಾಸು. ಮನೆಯಲ್ಲಿ ತಾಯಿ ಗೌರಮ್ಮ, ಹೆಂಡತಿ ಸುಶೀಲ, ಒಬ್ಬ ಚಿಕ್ಕ ಮಗಳು. ಒಂದು ಮದುವೆಯಲ್ಲಿ ಸಾರು ಕುದಿಯುತ್ತಿರುವಾಗಲೇ ಸೌಟು ಕೆಳಗಿಟ್ಟು, ಇದಕ್ಕೆ ಯಾರೋ ಏನೋ ಹಾಕಿದ್ದಾರೆ ಎಂದು ಇಡೀ ಕೊಪ್ಪರಿಗೆಯನ್ನು ಚರಂಡಿಗೆ ಬಗ್ಗಿಸಿದ. ಅಲ್ಲಿಂದ ಶುರು. ಆಮೇಲೆ ಅವನ ಅನುಮಾನ ಊರಿನಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂತು. ಕೊನೆಗೆ ಹೆಂಡತಿಯ ಮೇಲೆ ಬಂದು ನಿಂತಿತು. ಇವಳು ನನಗೆ ಮದ್ದು ಇಕ್ಕವ್ಳೆ ಎನ್ನುತ್ತಿದ್ದ.

ನಮ್ಮ ಕಡೆ ಇದು ಹುಚ್ಚನ ಮಾತಾಗಿ ಮಾತ್ರ ಕೇಳಿಸುವುದಿಲ್ಲ. ಊಟದಲ್ಲಿ ಗುಟ್ಟಾಗಿ ಏನೋ ಬೆರೆಸಿ ಮನುಷ್ಯನನ್ನು ನಿಧಾನಕ್ಕೆ ಕೃಶ ಮಾಡಬಹುದು ಎಂದು ನಂಬುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ಷಡಕ್ಷರಿಯನ್ನೂ ಅಂಥವರಲ್ಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ವಾಂತಿಯಲ್ಲಿ ಕೂದಲಿನ ಉಂಡೆಯಂಥದ್ದೇನೋ ಬಂತೆಂದು ತೋರಿಸಿದರಂತೆ. ಅದನ್ನು ನೋಡಿದ ಮೇಲೆ ಗೌರಮ್ಮನೂ ಮಗನ ಮಾತನ್ನು ನಂಬಿದರು. ಸೊಸೆಯ ಜೊತೆ ಮಾತು ಬಿಟ್ಟರು. ಒಂದೇ ಮನೆ, ಎರಡು ಒಲೆ. ಷಡಕ್ಷರಿ ಹೆಂಡತಿ ಮಾಡಿದ್ದನ್ನು ಎದುರಿಗೆ ಕೂತು ಅವಳು ಮೊದಲು ತಿಂದರೆ ಮಾತ್ರ ಒಂದಿಷ್ಟು ತಿನ್ನುತ್ತಿದ್ದ, ಇಲ್ಲದಿದ್ದರೆ ತಾಯಿ ಕೊಟ್ಟ ಕಾಫಿ ಮಾತ್ರ. ಸುಶೀಲಳ ಅಣ್ಣಂದಿರು ಚನ್ನರಾಯಪಟ್ಟಣದ ಕಡೆಯವರು. ಅವರು ಎರಡು ಸಲ ಬಂದು, ಇನ್ನೊಂದು ಸಲ ನಮ್ಮ ತಂಗಿಗೆ ಈ ಮಾತು ಬಂದರೆ ಮಗುವಿನ ಸಮೇತ ಕರಕೊಂಡು ಹೋಗುತ್ತೇವೆ, ಮತ್ತೆ ಕಳಿಸುವುದಿಲ್ಲ ಎಂದು ಹೇಳಿ ಹೋಗಿದ್ದರು. ನಾನು ಆ ಮನೆಗೆ ಕಾಲಿಟ್ಟ ದಿನ ವಿಷಯ ಅಲ್ಲಿಗೆ ಬಂದು ನಿಂತಿತ್ತು.

ಸುಶೀಲ ಹೊಳೆನರಸೀಪುರದ ಶಿಬಿರಕ್ಕೆ ಒಬ್ಬಳೇ ಬಂದು ಡಾಕ್ಟರ ಮುಂದೆ ಅತ್ತಿದ್ದಳು. ಗಂಡ ಬರಲು ಒಪ್ಪಲಿಲ್ಲ. ಡಾಕ್ಟರು ಹಿಂದಿನ ತಿಂಗಳು ಅದೇ ಊರಿನ ಇನ್ನೊಂದು ಮನೆಗೆ ಹೋಗಿದ್ದಾಗ ಅವನನ್ನು ದಾರಿಯಲ್ಲಿ ಒಂದಿಷ್ಟು ಮಾತಾಡಿಸಿ ಬಂದಿದ್ದರು, ಆದ್ದರಿಂದ ಕಾಯಿಲೆ ಏನೆಂದು ಅವರಿಗೆ ಗೊತ್ತಿತ್ತು. ಹನಿಯ ಸೀಸೆ ಕೊಟ್ಟರು. ಸಾರಿಗೆ ಹಾಕು, ನಿನ್ನ ಪಾಲು ಮೊದಲೇ ಬೇರೆ ತೆಗೆದಿಟ್ಟುಕೊಂಡು ಅದನ್ನೇ ಅವನೆದುರು ತಿನ್ನು ಎಂದರು.

ಸ್ವಲ್ಪ ದಿನ ಬಿಟ್ಟು ಒಂದು ಬೆಳಿಗ್ಗೆ ಹಳ್ಳಿಮೈಸೂರಿನಿಂದ ಯಾರೋ ಸಂಸ್ಥೆಗೆ ಫೋನು ಮಾಡಿದರು. ಷಡಕ್ಷರಿಯ ಕತ್ತು ತಿರುಚಿಕೊಂಡಿದೆ, ನಾಲಗೆ ಹೊರಗೆ ಬಂದಿದೆ, ಕೈ ನಡುಗುತ್ತಿದೆ, ಮದ್ದು ಏರಿದೆ ಎಂದು ಊರೆಲ್ಲ ಮನೆ ಮುಂದೆ ಸೇರಿದೆ. ಡಾಕ್ಟರು ಅಂದು ಬೆಂಗಳೂರಿಗೆ ಹೋಗಿದ್ದರು. ಫೋನಿನಲ್ಲಿ ಸಿಕ್ಕಿದರು. ಔಷಧಿ ಹೆಚ್ಚಾದರೆ ಹೀಗಾಗುತ್ತದೆ, ಜೀವಕ್ಕೆ ಅಪಾಯವಿಲ್ಲ, ಇಂಥ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ ಎಂದು ಲಲಿತಾಗೆ ಹೇಳಿದರು. ಆದರೆ ಅಷ್ಟು ಕಮ್ಮಿ ಹನಿಗೆ ಹೀಗೆ ಆಗಬಾರದಲ್ಲ ಎಂದು ಗೊಣಗಿದರು.

ನಾವಿಬ್ಬರೂ ಹೋದೆವು. ಇಲ್ಲಿಯವರೆಗಿನದ್ದರಲ್ಲಿ ನನಗೆ ಸಂಶಯವಿಲ್ಲ.

ಷಡಕ್ಷರಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದ. ಮುಖ ಎಡಗಡೆಗೆ ತಿರುಗಿ ಭುಜಕ್ಕೆ ಅಂಟಿಕೊಂಡಿತ್ತು. ಕಣ್ಣು ಮಾತ್ರ ನಮ್ಮನ್ನು ಹುಡುಕುತ್ತಿತ್ತು. ಅವನಿಗೆ ಪ್ರಜ್ಞೆ ಪೂರ್ತಿ ಇತ್ತು, ಅದೇ ಭಯಂಕರವಾದದ್ದು. ಲಲಿತಾ ಕೂಡಲೇ ಇಂಜೆಕ್ಷನ್ ಕೊಟ್ಟರು. ಬಾಗಿಲಲ್ಲಿ ತುಂಬಿಕೊಂಡಿದ್ದ ಜನರನ್ನು ನಾನು ಹೊರಗೆ ಕಳಿಸಿದೆ. ಹೋಗಲು ಅವರಿಗೆ ಮನಸ್ಸಿರಲಿಲ್ಲ.

ಇಂಜೆಕ್ಷನ್ ಹತ್ತುವವರೆಗೆ ಕಾಯುವಾಗ ಸುಶೀಲ ನನ್ನನ್ನು ಅಡುಗೆಮನೆಗೆ ಕರೆದಳು. ಡಾಕ್ಟರು ಹೇಳಿದ್ದಕ್ಕಿಂತ ಒಂದು ಹನಿಯೂ ಜಾಸ್ತಿ ಹಾಕಿಲ್ಲ ಸಾರ್, ನನ್ನ ಮಗಳ ಮೇಲಾಣೆ ಎಂದಳು. ಅತ್ತೆಗೆ ಹೇಳಬೇಡಿ, ಗೊತ್ತಾದರೆ ನಾನು ಮದ್ದು ಹಾಕಿದ್ದು ನಿಜ ಎನ್ನುತ್ತಾರೆ ಎಂದು ಬೇಡಿಕೊಂಡಳು. ನಾನು ಹೊರಗೆ ಬಂದಾಗ ಹಿತ್ತಲ ನುಗ್ಗೆಮರದ ಕೆಳಗೆ ಗೌರಮ್ಮ ಲಲಿತಾರ ಕೈ ಹಿಡಿದುಕೊಂಡು ಏನೋ ಪಿಸುಗುಟ್ಟುತ್ತಿದ್ದರು. ಲಲಿತಾ ನನ್ನತ್ತ ನೋಡಿದ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇದು ಸುಳ್ಳಿರಲಾರದು.

ಆದದ್ದು ಇಷ್ಟು. ಗೌರಮ್ಮನ ಮಗಳನ್ನು ಮಲ್ಲಿಪಟ್ಟಣಕ್ಕೆ ಕೊಟ್ಟಿತ್ತು. ಮಗಳ ಮನೆಗೆ ಹೋಗಿದ್ದಾಗ ಅಳಿಯ ಅವರನ್ನು ಅರಕಲಗೂಡಿನ ನಮ್ಮ ಶಿಬಿರಕ್ಕೆ ಕರೆದುಕೊಂಡು ಬಂದಿದ್ದ. ಆ ದಿನ ನಮ್ಮ ಡಾಕ್ಟರು ರಜೆ, ಬದಲಿಗೆ ಬೇರೊಬ್ಬರು ಬಂದಿದ್ದರು. ನಾನೂ ಲಲಿತಾನೂ ಹಾಸನದ ಒಂದು ಕಾರ್ಯಕ್ರಮಕ್ಕೆ ಉಳಿದಿದ್ದೆವು. ಮುದುಕಿ ಮಗನ ಕಷ್ಟ ಹೇಳಿಕೊಂಡರು. ಸೊಸೆ ಆಗಲೇ ಹೊಳೆನರಸೀಪುರಕ್ಕೆ ಹೋಗಿ ಬಂದದ್ದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಲು ಮಾತಾದರೂ ಇರಬೇಕಲ್ಲ. ಆ ಡಾಕ್ಟರೂ ಒಂದು ಸೀಸೆ ಹನಿ ಕೊಟ್ಟು ಕಳಿಸಿದರು. ಹೀಗೆ ಒಂದೇ ಸೂರಿನ ಕೆಳಗೆ ಸೊಸೆ ಸಾರಿಗೆ, ಅತ್ತೆ ಕಾಫಿಗೆ, ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಕಳ್ಳತನದಲ್ಲಿ ಅದೇ ಔಷಧಿ ಹಾಕುತ್ತಿದ್ದರು. ಇಬ್ಬರೂ ಅವನನ್ನು ಉಳಿಸಲೆಂದೇ ಹಾಕುತ್ತಿದ್ದರು. ನಾಲ್ಕು ಮಾತಾಡಿದ್ದರೆ ಅವನ ಕತ್ತು ತಿರುಚಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಇಂಜೆಕ್ಷನ್ ಕೆಲಸ ಮಾಡಿತು. ಷಡಕ್ಷರಿಯ ಮುಖ ನಿಧಾನವಾಗಿ ನೇರಕ್ಕೆ ಬಂತು. ಬಾಯಿ ಒರೆಸಿಕೊಂಡು ನೆಟ್ಟಗೆ ಕೂತ. ಗೌರಮ್ಮ ಅಭ್ಯಾಸಬಲದಿಂದಲೋ ಏನೋ ಒಲೆಯ ಮೇಲಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ತಂದರು. ಅವನು ಕೈ ಚಾಚಲಿಲ್ಲ. ನನ್ನನ್ನೇ ನೋಡಿದ.

"ಸಾ, ನೀವು ಓದಿರೋರು. ನಂಗೆ ಒಂದೇ ಒಂದು ಯೋಳಿ. ನನ್ ಊಟಕ್ಕೆ ಇವ್ರು ಏನಾರ ಆಕ್ತಾವ್ರೋ, ಇಲ್ವೋ?"

ಈ ಪ್ರಶ್ನೆ ಅವನು ಕೇಳಿದ್ದು ಖಂಡಿತ. ಲಲಿತಾನೂ ಇದನ್ನು ಒಪ್ಪುತ್ತಾರೆ.

ನೀವು ಆ ಜಾಗದಲ್ಲಿ ನಿಂತು ನೋಡಿ. ಇಲ್ಲ ಎಂದರೆ ಸುಳ್ಳು. ಅವನ ಕತ್ತೇ ಅದಕ್ಕೆ ಸಾಕ್ಷಿ. ಹೌದು ಎಂದರೆ, ಅವನ ಕಾಯಿಲೆ ಇಷ್ಟು ದಿನ ಅವನ ಕಿವಿಯಲ್ಲಿ ಊದುತ್ತಿದ್ದ ಮಾತಿಗೆ ಸರಕಾರಿ ಮುದ್ರೆ ಒತ್ತಿದಂತೆ. ಸುಶೀಲ ಅಂದೇ ತವರಿಗೆ ಹೊರಡಬೇಕಾಗುತ್ತದೆ. ಮೊದಲು ಯಾರೂ ಏನೂ ಹಾಕಿರಲಿಲ್ಲ. ಹಾಕುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿದ್ದರಿಂದ ಔಷಧಿ ಹಾಕಬೇಕಾಯಿತು. ಇದರಲ್ಲಿ ಯಾವುದು ಮುಂಚೆ, ಯಾವುದು ಆಮೇಲೆ ಎಂಬುದನ್ನು ಒಬ್ಬ ಮನುಷ್ಯನಿಗೆ ನಡುಮನೆಯಲ್ಲಿ ಕೂತು ಹೇಗೆ ತಿಳಿಸುತ್ತೀರಿ?

ನನ್ನ ನೆನಪಿನಲ್ಲಿ ನಾನು ತಿಳಿಸಿದೆ. ಅವನ ಎದುರಿಗೆ ನೆಲದ ಮೇಲೆ ಕೂತು, ಅವನ ಕಣ್ಣು ನೋಡುತ್ತ, ನಿಧಾನವಾಗಿ, ಒಂದೊಂದೇ ಮಾತಾಗಿ ಎಲ್ಲವನ್ನೂ ಹೇಳಿದೆ. ಆ ಮಾತುಗಳು ನನಗೆ ಈಗಲೂ ಬರುತ್ತವೆ, ಒಳ್ಳೆಯ ಮಾತುಗಳು. ಸಮಾರಂಭದ ಮಾರನೆಯ ದಿನ ಫೋನಿನಲ್ಲಿ ಲಲಿತಾ ಹೇಳಿದ್ದೇ ಬೇರೆ: ನೀವು ಲೋಟ ನೋಡಿದಿರಿ, ನನ್ನನ್ನು ನೋಡಿದಿರಿ, ಕನ್ನಡಕ ತೆಗೆದು ಒರೆಸಿಕೊಂಡಿರಿ. ಆಮೇಲೆ ಬಾಯಿ ತೆರೆದದ್ದು ಮುದುಕಿ, ಎಂದರು.

ಮುದುಕಿ ಹೇಳಿದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭೇದವಿಲ್ಲ.

"ಆಕಿವ್ನಿ ಕಣ್ ಮಗ. ಇವತ್ತೂ ಆಕಿವ್ನಿ, ಈ ಲೋಟ್ದಲ್ಲೇ ಅದೆ. ಡಾಕ್ಟ್ರು ಕೊಟ್ಟಿದ್ದು. ನೀನು ಉಸಾರಾಗ್ಲಿ ಅಂತ."

ಬಾಗಿಲ ಮರೆಯಲ್ಲಿ ನಿಂತಿದ್ದ ಸುಶೀಲ ಈಚೆಗೆ ಬಂದಳು.

"ನಾನೂ ಹಾಕಿದೀನಿ. ಸಾರಿಗೆ."

ಗೌರಮ್ಮ ತಿರುಗಿದರು. ಒಂದು ವರ್ಷದ ಮೇಲೆ ಅವರು ಸೊಸೆಯೊಂದಿಗೆ ಆಡಿದ ಮೊದಲ ಮಾತು ಅದು.

"ನೀನೂವಾ?"

ತರಬೇತಿಯ ಹುಡುಗರು ನಗುತ್ತಿದ್ದದ್ದು ಇಲ್ಲೇ. ಅವತ್ತು ಯಾರೂ ನಗಲಿಲ್ಲ. ಷಡಕ್ಷರಿ ತಾಯಿಯನ್ನೂ ಹೆಂಡತಿಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, "ಅಂಗಾರೆ ನಾನ್ ಯೋಳ್ತಿದ್ದುದ್ದು ಸುಳ್ಳಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಾದವನು ಮೂಟೆ ಇಳಿಸಿದಾಗ ಹೇಳುವಂತೆ ಹೇಳಿದ.

ಇಲ್ಲಿಂದ ಮುಂದೆ ನನ್ನ ಕಥೆಯಲ್ಲಿ ಗೌರಮ್ಮ, ನಿನಗೆ ವಿಷ ಹಾಕುವವಳೇ ನಾನು? ನೋಡು, ಎಂದು ಆ ಲೋಟವನ್ನು ಎತ್ತಿ ಗಟಗಟನೆ ಕುಡಿದುಬಿಡುತ್ತಾರೆ. ಲಲಿತಾರ ನೆನಪಿನಲ್ಲಿ, ಗೌರಮ್ಮ ಕುಡಿಯುವ ಮೊದಲೇ ಲಲಿತಾ ಲೋಟ ಕಿತ್ತುಕೊಂಡು ನುಗ್ಗೆಮರದ ಬುಡಕ್ಕೆ ಚೆಲ್ಲಿದರು. ಎದುರಿಗೇ ನಿಂತಿರುವ ನರ್ಸು ಅರವತ್ತೈದು ದಾಟಿದ ಹೆಂಗಸನ್ನು ಆ ಔಷಧಿ ಕುಡಿಯಲು ಬಿಡುತ್ತಾಳೆಯೇ, ನೀವೇ ಹೇಳಿ ಸಾರ್, ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅದೂ ಅಲ್ಲದೆ, ತಾಯಿ ಲೋಟ ಎತ್ತಿ ಕುಡಿಯುವುದು ನಾಟಕದಲ್ಲಿ ಆಗುವಂಥದ್ದು. ನಾನು ಕಾಲೇಜಿನಲ್ಲಿ ನಾಟಕ ಆಡಿದವನು. ಸೇರಿಸಿಕೊಂಡಿರಬಹುದು.

ಮುಂದಿನದ್ದನ್ನು ನಾನೊಬ್ಬನೇ ಅಲ್ಲ, ನಮ್ಮ ತಂಡದವರೆಲ್ಲ ಬಲ್ಲರು. ಷಡಕ್ಷರಿ ಒಂದು ಷರತ್ತು ಹಾಕಿದ. ಅವನು ಮನೆಯಲ್ಲೂ ಎಲೆಯ ಮೇಲೇ ಊಟ ಮಾಡುವವನು. ಏನಾದರೂ ಹಾಕುವುದಿದ್ದರೆ ಎಲೆಯ ಮೇಲೆ, ನನ್ನ ಕಣ್ಣಿಗೆ ಕಾಣುವಂತೆ ಹಾಕಿ ಎಂದ. ಎಲ್ಲಿ ಎಂದು ಸುಶೀಲ ಕೇಳಿದಳು. ಉಪ್ಪಿನ ಪಕ್ಕದಲ್ಲಿ ಎಂದ. ಮದುವೆ ಊಟದಲ್ಲಿ ಎಲೆಗೆ ಮೊದಲು ಬೀಳುವುದು ಉಪ್ಪು. ಹನಿ ನಿಲ್ಲಿಸಿದೆವು. ಬೆಂಗಳೂರಿನಿಂದ ಹಿಂದಿರುಗಿದ ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮೊದಮೊದಲು ಅವನು ಮಾತ್ರೆಯನ್ನು ನೋಡಿ, ಪಕ್ಕಕ್ಕೆ ಸರಿಸಿ, ಊಟ ಮಾಡಿ ಏಳುತ್ತಿದ್ದನಂತೆ. ಆದರೆ ಊಟ ಮಾಡುತ್ತಿದ್ದ, ಅದೂ ಹೆಂಡತಿ ಬಡಿಸಿದ್ದನ್ನು. ಒಂದು ದಿನ ಎಲೆಯಲ್ಲಿ ಮಾತ್ರೆ ಇರಲಿಲ್ಲ ಎಂದು ಸುಶೀಲ ಶಿಬಿರದಲ್ಲಿ ಹೇಳಿದಳು. ಎಸೆದನೋ ನುಂಗಿದನೋ ಅವಳಿಗೂ ಗೊತ್ತಿರಲಿಲ್ಲ. ಕ್ರಮೇಣ ನುಂಗಿದ್ದಾನೆ ಎಂದು ತಿಳಿಯುವ ಹಾಗಾಯಿತು. ಅಣ್ಣಂದಿರು ಬಂದು ನೋಡಿ ಹೋದರು, ಅವಳನ್ನು ಕರೆಯಲಿಲ್ಲ. ಮದ್ದು ಇಕ್ಕಿದ್ದರು ಎಂಬ ಮಾತನ್ನು ಮಾತ್ರ ಅವನು ಕೊನೆಗೂ ಬಿಡಲಿಲ್ಲ. ಅವಾಗ ಇಕ್ಕಿದ್ರು, ಈಗ ಇಲ್ಲ, ಎನ್ನುತ್ತಿದ್ದ. ನಾನು ತಿದ್ದಲು ಹೋದಾಗಲೆಲ್ಲ ನಗುತ್ತಿದ್ದ.

ಆಮೇಲೆ ನಾನು ಹೋದ ಹೋದ ಮನೆಯಲ್ಲೆಲ್ಲ ಉಪ್ಪಿನ ಪಕ್ಕ ಮಾತ್ರೆ ಇಡಿ ಎಂದು ಹೇಳತೊಡಗಿದೆ. ಡಾಕ್ಟರು ಇದಕ್ಕೆ 'ಎಂ.ಎಸ್.ಡಬ್ಲ್ಯು. ಉಪ್ಪಿನ ಸಿದ್ಧಾಂತ' ಎಂದು ಹೆಸರಿಟ್ಟರು. ಒಂದೆರಡು ಮನೆಗಳಲ್ಲಿ ನಡೆಯಿತು. ಅರಕಲಗೂಡಿನ ಒಬ್ಬ ಲೈನ್‌ಮನ್ ಮಾತ್ರೆ ಕಂಡೊಡನೆ ಎಲೆಯನ್ನೇ ಮಡಚಿ ಹೆಂಡತಿಯ ಮುಖಕ್ಕೆ ಎಸೆದು ಮನೆ ಬಿಟ್ಟು ಹೋದ. ವಾರವಾದ ಮೇಲೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ, ಕಾಲಿನ ತುಂಬ ಹುಣ್ಣು. ಅವನ ಹೆಂಡತಿ ನನ್ನನ್ನು ದಾಟಿಕೊಂಡು ಡಾಕ್ಟರ ಹತ್ತಿರ ಹೋಗಿ ಹನಿ ಕೇಳಿದಳು. ಡಾಕ್ಟರು ಸೀಸೆ ಕೊಟ್ಟರು. ಹೊಸಬರೇ, ಒಂದು ಮನೆಯಲ್ಲಿ ಕಲಿತದ್ದನ್ನು ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗುವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲಿ. ಇದಕ್ಕಿಂತ ಹೆಚ್ಚಿನ ಉಪದೇಶ ನನ್ನಲ್ಲಿಲ್ಲ.

ಎರಡು ಸಾವಿರದ ಮೇಲೆ ಎಲ್ಲ ಬದಲಾಯಿತು. ಕತ್ತು ತಿರುಚದಂಥ ಮಾತ್ರೆಗಳು ಬಂದವು. ಹಾಸನದಲ್ಲಿ ಮೆಡಿಕಲ್ ಕಾಲೇಜಾಯಿತು. ಜನ ತಾವೇ ಆಟೋ ಮಾಡಿಕೊಂಡು ಬರತೊಡಗಿದರು. ಮನೆಮನೆಗೆ ನಡೆಯುವ ಬದಲು ಮೊಬೈಲಿನಲ್ಲಿ, ಮಾತ್ರೆ ತಗೊಂಡ್ರಾ, ಎಂದು ಕೇಳುವುದು ನಮ್ಮ ಕೆಲಸವಾಯಿತು. ತಗೊಂಡೆ ಎನ್ನುತ್ತಿದ್ದರು. ಫೋನಿನಲ್ಲಿ ಎಲೆ ಕಾಣುವುದಿಲ್ಲ. ನಾನು ಕೂತಲ್ಲಿ ಕೂರಲಾರದೆ ಆಗಾಗ ಬಸ್ಸು ಹತ್ತಿ ಹೋಗಿಬಿಡುತ್ತಿದ್ದೆ, ಅದಕ್ಕೆ ಆಕ್ಷೇಪಣೆಯೂ ಬಂತು.

ಲಲಿತಾರ ಮಾತು ಕೇಳಿದ ಮೇಲೂ ಹಾಗೇ ಆಯಿತು. ವಾರವಿಡೀ ಮನೆಯಲ್ಲಿ ಅತ್ತಿಂದಿತ್ತ ತಿರುಗಿದೆ. ಬೇರೆಯವರ ಭ್ರಮೆಯನ್ನು ಹಿಡಿದು, ಇದಕ್ಕೆ ಆಧಾರ ಏನಪ್ಪಾ, ಎಂದು ಕೇಳುವುದೇ ಕಸುಬಾಗಿದ್ದವನು ನಾನು. ನನ್ನ ನೆನಪಿಗೆ ಆಧಾರ ಏನು? ಕೊನೆಗೆ ಹೊಳೆನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಹಳ್ಳಿಮೈಸೂರಿಗೆ ಹೋದೆ.

ಸುಶೀಲ ಬಾಗಿಲು ತೆಗೆದಳು. ಕೂದಲು ನೆರೆತಿತ್ತು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು, ಹಿಡಿದ ಮೇಲೆ ಚಾಪೆ ಹಾಸಿದಳು. ಗೌರಮ್ಮ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಷಡಕ್ಷರಿ ಚನ್ನರಾಯಪಟ್ಟಣದಲ್ಲಿ ಒಂದು ಮದುವೆಯ ಅಡುಗೆಗೆ ಹೋಗಿದ್ದ. ನಡುವೆ ಎರಡು ಸಲ ಕಾಯಿಲೆ ಮರುಕಳಿಸಿತ್ತಂತೆ, ಒಂದು ಸಲ ಆಸ್ಪತ್ರೆಗೆ ಸೇರಿಸಿದ್ದರಂತೆ. ಈಗ ಮಾತ್ರೆ ಅವನೇ ತೆಗೆದುಕೊಳ್ಳುತ್ತಾನೆ, ಆದರೂ ಎಲೆಗೆ ಇಟ್ಟೇ ತೆಗೆದುಕೊಳ್ಳಬೇಕು ಎಂದಳು.

ಆ ದಿನ ನಾನು ಏನು ಹೇಳಿದೆ ಎಂದು ಕೇಳಿದೆ. ಅವಳು ಯೋಚಿಸಿದಳು. ನೀವು ಬಂದಿದ್ರಿ ಸಾರ್, ಅದು ನೆನಪಿದೆ, ಎಂದಳು. ಅಷ್ಟೇ. ಕಾಫಿಯ ವಿಷಯ ಕೇಳುವಾಗ ನಾನು ಎಚ್ಚರ ವಹಿಸಿದೆ. ಗೌರಮ್ಮ ಕುಡಿದರೇ ಎಂದು ಕೇಳಲಿಲ್ಲ. ಆ ಲೋಟ ಏನಾಯಿತು ಎಂದು ಮಾತ್ರ ಕೇಳಿದೆ.

"ಅತ್ತೆ ಕುಡುದ್ಬುಟ್ರಲ್ಲ ಸಾರ್. ಅರ್ಧ ಕುಡುದಿದ್ರು, ಅಷ್ಟೊತ್ಗೆ ಸಿಸ್ಟರ್ ಕಿತ್ಕೊಂಡು ಮಿಕ್ಕಿದ್ದ ಚೆಲ್ಲುದ್ರು."

ಅಲ್ಲಿಗೆ ಬಿಡಬಹುದಿತ್ತು. ಆದರೆ ಒಬ್ಬರ ಸಾಕ್ಷಿ ಸಾಲದು ಎನ್ನಿಸಿತು. ನಾನು ಬರುವುದನ್ನು ಗಂಡನಿಗೆ ಫೋನು ಮಾಡಿ ಹೇಳಬೇಡ ಎಂದು ಅವಳಿಗೆ ಹೇಳಿ, ಅಲ್ಲಿಂದ ಎರಡು ಬಸ್ಸು ಬದಲಿಸಿ ಚನ್ನರಾಯಪಟ್ಟಣಕ್ಕೆ ಹೋದೆ. ಕಲ್ಯಾಣ ಮಂಟಪದ ಹಿಂದುಗಡೆ ಷಡಕ್ಷರಿ ದೊಡ್ಡ ಒಲೆಯ ಮುಂದೆ ನಿಂತು ಹುಳಿಯ ಕೊಪ್ಪರಿಗೆಗೆ ಕೈಯಾಡಿಸುತ್ತಿದ್ದ. ಮೈ ತುಂಬಿಕೊಂಡಿದ್ದ. ನನ್ನನ್ನು ಕಂಡು, ಇದೇನ್ ಸಾ, ಇಲ್ಲೀಗಂಟ ಬಂದ್ಬುಟ್ರಿ, ಮಾತ್ರೆ ತಗೊಂಡಿವ್ನಿ ಬುಡಿ, ಎಂದು ಎಲ್ಲರೆದುರೂ ಜೋರಾಗಿ ನಕ್ಕ. ತರಕಾರಿ ಹೆಚ್ಚುತ್ತಿದ್ದವರು ತಲೆಯೆತ್ತಿ ನೋಡಿದರು. ಅವನಿಗೆ ಅದರ ಪರಿವೆ ಇರಲಿಲ್ಲ. ವ್ಯಾನಿಗೆ ಟಾರ್ಪಾಲು ಹೊದಿಸಿ ಓಡಾಡಿದ ನಾನೇ ಸುತ್ತ ನೋಡಿದೆ.

ಅಂದು ನಾನೇನಾದರೂ ಹೇಳಿದೆನೇ ಎಂದು ಅವನನ್ನೂ ಕೇಳಿದೆ.

"ಏನೋ ಅಂದ್ರಿ ಸಾ. ಇಂಗ್ಲಿಸ್ ಜಾಸ್ತಿ ಇತ್ತು. ನಂಗೆ ತಿಳೀನಿಲ್ಲ."

ಹೇಳಿದ್ದೆನೋ ಇಲ್ಲವೋ, ಹೇಳಿದ್ದರೆ ಯಾವಾಗ, ಇದು ಇನ್ನು ಬಗೆಹರಿಯುವುದಿಲ್ಲ. ಆ ಒಳ್ಳೆಯ ಮಾತುಗಳನ್ನು ನಾನು ವಾಪಸ್ ಬರುವ ಬಸ್ಸಿನಲ್ಲಿ ಕಟ್ಟಿಕೊಂಡಿರಬೇಕು. ಎಷ್ಟೋ ಒಳ್ಳೆಯ ಮಾತುಗಳು ಅಲ್ಲೇ ಹುಟ್ಟುವುದು. ಕೊನೆಗೆ ಲೋಟ ಏನಾಯಿತು ಎಂದೆ. ಅವನು ಸೌಟನ್ನು ಕೊಪ್ಪರಿಗೆಯ ಅಂಚಿಗೆ ತಟ್ಟಿ ಪಕ್ಕಕ್ಕಿಟ್ಟ.

"ಅರ್ಧ ನಮ್ಮವ್ವ ಕುಡೀತು. ಅರ್ಧವ ನರ್ಸಮ್ಮ ಚೆಲ್ತು. ಅವ್ವ ಮಾರ್ನೆ ದಿನ ಮದ್ಯಾನ ಆದ್ರೂ ಎದ್ದಿರ್ನಿಲ್ಲ. ನಾವಿಬ್ರೂ ಎದುರ್ಕೊಂಡು ಪಕ್ಕದಲ್ಲೇ ಕೂತಿದ್ವಿ. ಎದ್ದೋಳೇ ಏನಂದ್ಲು ಗೊತ್ತಾ ಸಾ? ನನ್ ಕಡೀಕೆ ನೋಡ್ನಿಲ್ಲ. ಸುಸೀಲ, ಒಂದ್ ಲೋಟ ಕಾಪಿ ಕಾಯ್ಸವ್ವ, ಅಂದ್ಲು."

ಹಾಸನಕ್ಕೆ ಬಂದು ಲಲಿತಾಗೆ ಫೋನು ಮಾಡಿ ಹೇಳಿದೆ. ಹೌದು ಸಾರ್, ನಾನು ಕಿತ್ತುಕೊಂಡಾಗ ಲೋಟ ಹಗುರವಾಗಿತ್ತು ಎಂದರು.